ಗುರ್ತ

“ಬರುವ ಭಾನುವಾರ ನಮ್ಮ ಮುಖ್ಯ ಅತಿಥಿ, ಮೇಲಿನ ಮಲೆಕುಡಿಯ ಕಾಲನಿಯ ಗುರಿಕಾರ ಸುಂದರ ಅವರು” ಎಂದು ಫಾದರ್ ಜಿಂಟೋ ಮೈಕಿನಲ್ಲಿ ಹೇಳಿದಾಗ ಲೀಸಮ್ಮ ಹೆಂಗಸರ ಕಡೆಯ ಬೆಂಚಿನಲ್ಲಿ ಕುಳಿತು ಸೆರಗಿನ ಪಿನ್ನು ಸರಿಮಾಡಿಕೊಳ್ಳುತ್ತಿದ್ದಳು. ಪಿನ್ನು ಹೆಬ್ಬೆರಳಿಗೆ ಚುಚ್ಚಿತು. ಬೆರಳನ್ನು ಬಾಯಲ್ಲಿಟ್ಟುಕೊಂಡು ಅವಳು ಮೊದಲು ಎಡಕ್ಕೆ ನೋಡಿದಳು, ಆಮೇಲೆ ಬಲಕ್ಕೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಯಾರೂ ಅವಳನ್ನು ನೋಡುತ್ತಿರಲಿಲ್ಲ. ಫಾದರ್ ಬಾಯಿಂದ ಇನ್ನೆಂತ ಹೊಸತು ಬರುತ್ತದೆ ಎಂದು ಎಲ್ಲರೂ ಕಾಯುತ್ತಿದ್ದರು.

ಹೊಸತೇ ಬಂದಿತ್ತು. ಈ ನೆಲದ ಮೂಲನಿವಾಸಿಗಳನ್ನೂ ಅವರ ಆರಾಧನೆಯನ್ನೂ ಧರ್ಮಸಭೆ ಇನ್ನು ಮುಂದೆ ಗುರುತಿಸಿ ಗೌರವಿಸುತ್ತದೆ ಎಂದು ಬಿಷಪ್ಪರ ಘೋಷಣೆ. ಬೇರೆ ಕಡೆ ಅದನ್ನು ಓದಿ ಮಡಚಿಟ್ಟರೂ ನಡೆಯುತ್ತಿತ್ತು. ಪಂಜಿಪಾದೆಯ ಚರ್ಚಿಗೆ ಮಾತ್ರ ಹಾಗೆ ತಪ್ಪಿಸಿಕೊಳ್ಳುವಂತಿರಲಿಲ್ಲ. ನೆಲ್ಯಾಡಿಯಿಂದ ಕಾಡಿನ ಕಡೆಗಿರುವ ಆ ಗುಡ್ಡವನ್ನು ಹಿಂದೆ ಕೇರಳದಿಂದ ಬಂದವರು ಕಡಿದು ರಬ್ಬರ್ ಹಾಕಿ, ತಮ್ಮ ಬಾಯಿಗೆ ಮರಿಯಗಿರಿ ಎಂದು ಹೆಸರಿಟ್ಟುಕೊಂಡಿದ್ದರು. ಚರ್ಚಿನ ರಬ್ಬರ್ ತೋಟದ ನಟ್ಟನಡುವೆ ದೊಡ್ಡದೊಂದು ಪಾದೆ, ಅಂದರೆ ಬಂಡೆ. ಅದರ ಬುಡದಲ್ಲಿ ಮಲೆಕುಡಿಯರ ದೈವದ ಕಲ್ಲು. ತೋಟಕ್ಕೆ ಮುಳ್ಳುತಂತಿ ಬಿದ್ದ ಮೇಲೆ ಆ ಕಲ್ಲಿಗೆ ದೀಪ ಇಡಲು ಅವರನ್ನು ಯಾರೂ ಬಿಟ್ಟಿರಲಿಲ್ಲ. ಈಗ ಸೆಮಿನರಿಯಿಂದ ನೇರ ಇಲ್ಲಿಗೆ ಬಂದ ಹುಡುಗುಪ್ರಾಯದ ಜಿಂಟೋ ಪಾದ್ರಿ, ತಂತಿ ತೆಗೆಸುತ್ತೇನೆ, ಕಾಲುದಾರಿ ಬಿಡಿಸುತ್ತೇನೆ, ಅವರ ಮುಖಂಡ ಗುರಿಕಾರರ ಕೈಯಿಂದಲೇ ಅಲ್ಲಿ ದೀಪ ಹಚ್ಚಿಸುತ್ತೇನೆ ಎಂದು ಹೊರಟಿದ್ದರು. ಒಳ್ಳೆಯ ಕೆಲಸವೇ. ಯಾರೂ ಬೇಡ ಎನ್ನಲಿಲ್ಲ.

ಆ ಸುಂದರ ಲೀಸಮ್ಮನ ಒಡಹುಟ್ಟಿದ ಅಣ್ಣ.

ಇಡೀ ಚರ್ಚಿನಲ್ಲಿ ಈ ಸಂಗತಿ ಗೊತ್ತಿದ್ದದ್ದು ಲೀಸಮ್ಮನಿಗೆ, ಅವಳ ಗಂಡ ಸಾಬುವಿಗೆ, ಅತ್ತೆ ಮರಿಯಕುಟ್ಟಿಗೆ, ಅಷ್ಟೇ. ಇಪ್ಪತ್ತು ಚಿಲ್ಲರೆ ವರ್ಷಗಳ ಹಿಂದೆ ಕಾಡಂಚಿನ ತೋಟಕ್ಕೆ ರಬ್ಬರ್ ಹಾಲು ತೆಗೆಯಲು ಹೋಗುತ್ತಿದ್ದ ಸಾಬು, ಅಲ್ಲಿ ಸೊಪ್ಪು ಹೊರುತ್ತಿದ್ದ ಸೇವಂತಿ ಎಂಬ ಹುಡುಗಿಯನ್ನು ಕರೆದುಕೊಂಡು ಕೇರಳದ ಇರಿಟ್ಟಿಯ ಕಡೆಗೆ ಓಡಿದ್ದ. ಮರಿಯಕುಟ್ಟಿ ಬೆನ್ನುಹತ್ತಿ ಹೋಗಿ, ಅತ್ತು ಕರೆದು, ಎರಡು ದಿನ ಅನ್ನ ಬಿಟ್ಟು, ಕೊನೆಗೆ ಅಲ್ಲೇ ಹುಡುಗಿಗೆ ಜ್ಞಾನಸ್ನಾನ ಮಾಡಿಸಿ, ಲೀಸಮ್ಮ ಎಂದು ಹೆಸರಿಡಿಸಿ, ಮದುವೆ ಮುಗಿಸಿ ಮನೆಗೆ ತಂದಳು. ಊರಿಗೆ ಹೇಳಿದ್ದು ಬೇರೆ. ಹುಡುಗಿ ಅನಾಥೆ, ಮಠದ ಸಿಸ್ಟರ್‌ಗಳು ಸಾಕಿದ್ದು. ತುಳು ಇಷ್ಟು ಚೆಂದ ಹೇಗೆ ಎಂದು ಕೇಳಿದವರಿಗೆ, ಮಠದ ಅಡುಗೆಯವಳು ಪುತ್ತೂರಿನವಳು ಎಂಬ ಉತ್ತರ ತಯಾರಿತ್ತು. ಗುಡ್ಡದ ಆ ಬದಿ ಈ ಬದಿ ಎಂದರೆ ಎಷ್ಟು ಮಹಾ ದೂರ? ಆದರೆ ಆ ಬದಿಯವರು ಚರ್ಚಿಗೆ ಬರುವವರಲ್ಲ, ಈ ಬದಿಯವರು ಅವರ ಮುಖವನ್ನು ಸರಿಯಾಗಿ ನೋಡಿದವರೂ ಅಲ್ಲ. ಸುಳ್ಳು ಸಲೀಸಾಗಿ ನಡೆದುಹೋಯಿತು.

ಆ ಸುಳ್ಳಿನೊಳಗೆ ಬದುಕಿದ ಲೀಸಮ್ಮನ ಪಾಡು ಮಾತ್ರ ಅವಳಿಗೇ ಗೊತ್ತು. ಹೆತ್ತಮ್ಮ ತೀರಿಹೋದ ಸುದ್ದಿ ಕಡಬದ ಸಂತೆಯಲ್ಲಿ ಯಾರೋ ಯಾರಿಗೋ ಹೇಳುತ್ತಿದ್ದದ್ದು ಕಿವಿಗೆ ಬಿದ್ದಾಗ, ಅವಳು ತರಕಾರಿ ಚೀಲ ಹಿಡಿದುಕೊಂಡು ಮನೆಗೆ ಬಂದು, ರಬ್ಬರ್ ಶೀಟು ಒಣಗಿಸುವ ಹೊಗೆಮನೆಗೆ ಹೊಕ್ಕು ಅತ್ತಿದ್ದಳು. ಹೊಗೆಮನೆಯಿಂದ ಹೊರಗೆ ಬಂದವರ ಕಣ್ಣು ಕೆಂಪಾಗಿದ್ದರೆ ಯಾರೂ ಏನೂ ಕೇಳುವುದಿಲ್ಲ. ಆಗ ಶಾಲೆಗೆ ಹೋಗುತ್ತಿದ್ದ ಮಗಳು ಜಿಸ್ಮಿಯೂ ಕೇಳಿರಲಿಲ್ಲ. ಅಮ್ಮ ಅನಾಥೆ ಎಂದೇ ನಂಬಿ ಬೆಳೆದ ಹುಡುಗಿ ಅದು.

ಕುರ್ಬಾನದ ಪೂಜೆ ಮುಗಿದು ಹೊರಗೆ ಬಂದಾಗ ಆಲೀಸ್ ಅವಳ ಕೈ ಹಿಡಿದು ನಿಲ್ಲಿಸಿದಳು. ಆಲೀಸ್ ಎಂದರೆ ನೆಲ್ಯಾಡಿಯ ಹಾರ್ಡ್‌ವೇರ್ ಅಂಗಡಿಯವರ ಹೆಂಡತಿ, ಮಹಿಳಾ ಸಂಘದ ಅಧ್ಯಕ್ಷೆ. ಎಲ್ಲಕ್ಕಿಂತ ಹೆಚ್ಚಾಗಿ, ಜಿಸ್ಮಿಯನ್ನು ಒಪ್ಪಿದ ಟಿಜೋ ಎಂಬ ಹುಡುಗನ ತಾಯಿ. ಮುಂದಿನ ತಿಂಗಳು ಇದೇ ಚರ್ಚಿನಲ್ಲಿ ನಿಶ್ಚಿತಾರ್ಥ. ಟಿಜೋನ ಫೋನು ಬಂದರೆ ಜಿಸ್ಮಿ ಅಂಗಳಕ್ಕೆ ಓಡಿ, ತೆಂಗಿನ ಬುಡದಲ್ಲಿ ನಿಂತು ನಗುವುದನ್ನು ಲೀಸಮ್ಮ ಕಿಟಕಿಯಿಂದ ನೋಡಿ ಹೊಟ್ಟೆ ತಣ್ಣಗೆ ಮಾಡಿಕೊಳ್ಳುತ್ತಿದ್ದಳು.

“ಲೀಸಮ್ಮಾ, ನಿಮ್ಮ ಹೆಸರು ಹಾಕಿ ಆಗಿದೆ ಆಯ್ತಾ,” ಎಂದಳು ಆಲೀಸ್. “ಅತಿಥಿಗಳನ್ನು ಕರ್ಕೊಂಡು ಬರುದು, ಅವರ ಹತ್ರ ನಿಲ್ಲುದು ನೀವು. ನಿಮ್ಮಷ್ಟು ತುಳು ಇಲ್ಲಿ ಯಾರಿಗೆ ಬರ್ತದೆ ಹೇಳಿ?”

“ನಂಗೆ ಆ ದಿನ ಎಂತದೋ ಸ್ವಲ್ಪ...”

“ಎಂತದೂ ಇಲ್ಲ. ಬೀಗರ ಮಾತು ಈಗಲೇ ತೆಗೆದುಹಾಕುದಾ?” ಆಲೀಸ್ ಅವಳ ಕೈಯನ್ನು ಇನ್ನೂ ಬಿಟ್ಟಿರಲಿಲ್ಲ. “ಪಾಪ ಮಾರಾಯ್ರೆ, ನಾವು ಅವರಿಗೆ ಎಷ್ಟು ಅನ್ಯಾಯ ಮಾಡಿದ್ದೇವೆ. ನಿನ್ನೆ ಸಂಘದ ಮೀಟಿಂಗಲ್ಲಿ ಫಾದರ್ ಹೇಳುವಾಗ ನಂಗೆ ಕಣ್ಣಲ್ಲಿ ನೀರು ಬಂತು.” ಅದು ಸುಳ್ಳಲ್ಲ. ಆಲೀಸಿನ ಮನಸ್ಸು ಒಳ್ಳೆಯದೇ.

ಪಕ್ಕದಲ್ಲಿದ್ದ ಅವಳ ಗಂಡ ಕಾರಿನ ಕೀ ತಿರುಗಿಸುತ್ತ ತಮಾಷೆಗೆ ಹೇಳಿದ. “ಹಾಗಾದ್ರೆ ನಮ್ಮ ಎರಡನೆಯವನಿಗೆ ಅಲ್ಲಿಂದಲೇ ಒಂದು ಹುಡುಗಿ ನೋಡುವಾ?”

“ಗೌರವ ಬೇರೆ, ಸಂಬಂಧ ಬೇರೆ, ಸುಮ್ಮನಿರಿ ನೀವು,” ಎಂದು ಆಲೀಸ್ ನಕ್ಕಳು. ಸುತ್ತ ನಿಂತಿದ್ದ ಹೆಂಗಸರೂ ನಕ್ಕರು. ಲೀಸಮ್ಮನೂ ನಕ್ಕಳು, ನಗದಿದ್ದರೆ ಆಗುತ್ತದೆಯೇ?

ಮನೆಯಲ್ಲಿ ಜಿಸ್ಮಿ ಸ್ನಾನಕ್ಕೆ ಹೋದ ಹೊತ್ತು ನೋಡಿ ಮೂವರೂ ಅಡುಗೆಮನೆಯಲ್ಲಿ ಸೇರಿದರು. ಸಾಬು ಗೋಡೆಗೆ ಒರಗಿ ನಿಂತ. ಅವನಿಗೆ ಮರದ ಹತ್ತಿರ ಕೆಲಸ, ಮನುಷ್ಯರ ಹತ್ತಿರ ಮಾತು ಕಡಿಮೆ.

“ಜ್ವರ ಅಂತ ಮಲಗಿಬಿಡು,” ಎಂದ.

“ಜ್ವರ ಅಂದ್ರೆ ಆಲೀಸ್ ಕಷಾಯ ಹಿಡ್ಕೊಂಡು ಇಲ್ಲಿಗೇ ಬರ್ತಾಳೆ. ಅತಿಥಿಯನ್ನೂ ಕರ್ಕೊಂಡು ಬಂದಾಳು,” ಎಂದಳು ಮರಿಯಕುಟ್ಟಿ.

“ಅಮ್ಮಚ್ಚೀ, ಆಲೀಸಿಗೆ ಹೇಳಿಬಿಟ್ರೆ ಹೇಗೆ?” ಲೀಸಮ್ಮ ನೆಲ ನೋಡುತ್ತ ಕೇಳಿದಳು. “ಫಾದರೇ ಗೌರವ ಕೊಡ್ತಾರಲ್ಲ ಈಗ.”

ಮುದುಕಿ ಒಲೆಯ ಬೆಂಕಿ ತಗ್ಗಿಸಿ ಸೊಸೆಯ ಹತ್ತಿರ ಬಂದಳು. ಈ ಸೊಸೆಯ ಬಾಣಂತನವನ್ನು ತಾಯಿಯ ಹಾಗೆ ಮಾಡಿದವಳು, ಮಗಳೆಂದು ‘ಮೋಳೆ’ ಎಂದೇ ಕರೆಯುವವಳು ಅವಳು. “ಸತ್ಯ ಹೇಳಿದ್ರೆ ಸ್ವರ್ಗ ಸಿಗ್ತದೆ ಮೋಳೆ, ಹುಡುಗ ಸಿಗುದಿಲ್ಲ. ಮಲೆಕುಡಿಯರು ಅನ್ನುದನ್ನು ಅವರು ಬೇಕಾದರೆ ನುಂಗಿಯಾರು. ಇಷ್ಟು ವರ್ಷ ಸುಳ್ಳು ಹೇಳಿದ್ದನ್ನು ನುಂಗ್ತಾರಾ? ಮೊದಲು ಜಿಸ್ಮಿಯೇ ನುಂಗುದಿಲ್ಲ. ನೀನು ಹೋಗಿ ಅವನನ್ನು ಬರಬೇಡ ಅಂತ ಕೇಳಿಕೋ.”

ಬಾಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡವರ ಹಾಗೆ ಲೀಸಮ್ಮ ಆ ವಾರವನ್ನು ಕಳೆದಳು. ಸುಂದರ ಕಡಬದ ಸೊಸೈಟಿಗೆ ಜೇನು ಕೊಡಲು ಬರುತ್ತಾನೆಂದು ಅವಳಿಗೆ ಗೊತ್ತಿತ್ತು. ವರ್ಷಕ್ಕೆ ಒಂದೆರಡು ಸಲ ದೂರದಿಂದ ಕಂಡದ್ದೂ ಉಂಟು. ಅವನೂ ಕಂಡಿರಬೇಕು. ಇಬ್ಬರೂ ಬೇರೆ ಕಡೆ ನೋಡಿ ಹೋಗಿದ್ದರು. ಈ ಸಲ ಅವಳು ಸೊಸೈಟಿಯ ಹಿಂಬದಿಯಲ್ಲಿ, ಖಾಲಿ ಡ್ರಮ್ಮುಗಳ ಮರೆಯಲ್ಲಿ ನಿಂತು, ಅವನು ಕ್ಯಾನು ತೊಳೆಯಲು ನಲ್ಲಿಯ ಹತ್ತಿರ ಬಂದಾಗ ಮೆಲ್ಲಗೆ “ಅಣ್ಣ” ಎಂದು ತುಳುವಿನಲ್ಲಿ ಕರೆದಳು.

ಅವನು ತಿರುಗಿ ನೋಡಿದ. ತಲೆ ಅರ್ಧ ನೆರೆತಿತ್ತು. ಕೂಡಿದ ಹುಬ್ಬು ಮಾತ್ರ ಹಾಗೇ ಕಪ್ಪಗಿತ್ತು. “ದಪ್ಪ ಆಗಿದ್ದಿ ನೀನು,” ಎಂದ. “ಈಗ ಅಮ್ಮನ ಹಾಗೇ ಕಾಣ್ತಿ.”

ಅವಳು ಬಂದ ಕೆಲಸವನ್ನು ಒಂದೇ ಉಸಿರಿಗೆ ಹೇಳಿದಳು. ಮಗಳ ಮದುವೆ, ಆಲೀಸ್, ಅತಿಥಿಗಳ ಹತ್ತಿರ ನಿಲ್ಲಬೇಕಾದದ್ದು. ಅವನು ಕ್ಯಾನಿನ ಬಾಯಿಗೆ ಹಗ್ಗ ಕಟ್ಟುತ್ತ ಕೇಳಿದ.

“ಬರಬೇಡ ಅಂತ ಹೇಳ್ಲಿಕ್ಕೆ ಬಂದದ್ದಾ?”

“ಹೌದು.”

“ಅಮ್ಮ ಹೋದಾಗ ನೀನು ಬರ್ತಿ ಅಂತ ಸಂಜೆವರೆಗೆ ಹೆಣ ಇಟ್ಟಿದ್ದೆ.”

“ನಂಗೆ ಗೊತ್ತಾದದ್ದೇ ಮಾರನೇ ವಾರ. ದೇವರಾಣೆ.”

ಯಾವ ದೇವರು ಎಂದು ಅವನು ಕೇಳಲಿಲ್ಲ. “ಆ ಕಲ್ಲಿಗೆ ಒಂದು ದೀಪ ಇಡ್ಲಿಕ್ಕಾಗದೆ ಅಪ್ಪ ಹೋದ, ಅಮ್ಮ ಹೋದಳು. ಈಗ ಅವರೇ ಕರೆದು ದಾರಿ ಬಿಡ್ತೇವೆ ಅನ್ನುವಾಗ ಗುರಿಕಾರನಿಗೆ ಹೊಟ್ಟೆನೋವು ಅಂತ ಹೇಳಿ ಕಳಿಸುದಾ?”

“ಬೇರೆ ಯಾರನ್ನಾದ್ರೂ ಕಳಿಸು.”

“ಗುರಿಕಾರ ಅಲ್ಲದವರು ಆ ಕಲ್ಲು ಮುಟ್ಲಿಕ್ಕಿಲ್ಲ. ಅದೂ ಮರೆತುಹೋಯ್ತಾ ನಿಂಗೆ?”

ಮರೆತಿರಲಿಲ್ಲ. ಮರೆಯುವ ಹಾಗಿದ್ದರೆ ಅವಳು ಇಲ್ಲಿಗೆ ಯಾಕೆ ಬರುತ್ತಿದ್ದಳು? ಸುಂದರ ಹಗ್ಗದ ಗಂಟು ಬಿಗಿದು ಎದ್ದು ನಿಂತ.

“ನಿನ್ನ ಮಗಳು ನಂಗೆ ಎಂತ ಆಗ್ಬೇಕು?”

“ಸೊಸೆ,” ಎಂದಳು, ತಂಗಿಯ ಮಗಳೆಂಬ ಅರ್ಥದಲ್ಲಿ.

“ನಮ್ಮಲ್ಲಿ ಹೆಣ್ಣು ಕೊಡುವ ಮೊದಲು ಮಾವನನ್ನು ಕೇಳುದು. ನನ್ನನ್ನು ಕೇಳ್ಲಿಕ್ಕೆ ಯಾರೂ ಬರ್ಲಿಲ್ಲ. ಬರಬೇಡ ಅಂತ ಹೇಳ್ಲಿಕ್ಕೆ ನೀನು ಬಂದಿ.”

ಲೀಸಮ್ಮನಿಗೆ ತಡೆಯಲಾಗಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. “ನಾನು ಎಂತ ಮಾಡುದು ಹೇಳು, ಅಣ್ಣ. ನಾನು ಮಾಡಿದ್ದಕ್ಕೆ ಆ ಹುಡುಗಿ ಯಾಕೆ ಅನುಭವಿಸ್ಬೇಕು?”

“ಅಳಬೇಡ, ಜನ ನೋಡ್ತಾರೆ,” ಎಂದು ಅವನು ಕ್ಯಾನನ್ನು ಹೆಗಲಿಗೆ ಹಾಕಿದ. “ನಿನ್ನ ಗುರ್ತ ಇದ್ದ ಹಳಬರೆಲ್ಲ ಹೋಗಿ ಆಯ್ತು. ಈಗ ಉಳಿದದ್ದು ನಾನೊಬ್ಬ. ನೀನು ಹೇಳಿದ್ದು ನಂಗೆ ಕೇಳಿತು.”

ಕೇಳಿತು ಎಂದರೆ ಬರುವುದಿಲ್ಲವೆಂದೋ, ಬಂದೇ ಬರುತ್ತೇನೆಂದೋ? ಅದನ್ನು ಬಿಡಿಸಿ ಕೇಳುವ ಮೊದಲೇ ಅವನು ರಸ್ತೆಗೆ ಇಳಿದಿದ್ದ. ಬಸ್ಸಿನಲ್ಲಿ ಕುಳಿತು ಆ ಒಂದು ಮಾತನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಅವಳಿಗೆ ಸಾಕಾಯಿತು.

ಅವನು ಬಂದ. ಭಾನುವಾರ ಕುರ್ಬಾನ ಮುಗಿಯುವ ಹೊತ್ತಿಗೆ ಜೀಪಿನಿಂದ ಇಳಿದ. ಬಿಳಿ ಮುಂಡು, ಹೆಗಲ ಮೇಲೆ ಮಡಿಸಿದ ಬೈರಾಸು ಟವೆಲು. ಹಿಂದೆ ಒಂದಷ್ಟು ಗಂಡಸರು, ಮಕ್ಕಳನ್ನು ಎತ್ತಿಕೊಂಡ ಹೆಂಗಸರು. ಎಲ್ಲರೂ ಲೀಸಮ್ಮನಿಗಿಂತ ಕಿರಿಯರು, ಯಾರ ಮುಖವೂ ಅವಳಿಗೆ ಗೊತ್ತಿಲ್ಲ. ಅವಳು ಆಲೀಸಿನ ಪಕ್ಕದಲ್ಲಿ ನಿಂತು “ಬಲೆ, ಬಲೆ,” ಬನ್ನಿ ಬನ್ನಿ ಎಂದು ತುಳುವಿನಲ್ಲಿ ಎಲ್ಲರನ್ನೂ ಒಟ್ಟಿಗೇ ಕರೆದಳು. ಸುಂದರ ಎಲ್ಲರ ಜೊತೆ ಕೈ ಮುಗಿದು ಮುಂದೆ ನಡೆದ. ಸಾಬು ಪಾರ್ಕಿಂಗ್ ನೋಡಿಕೊಳ್ಳುವ ನೆವದಲ್ಲಿ ಗೇಟಿನ ಆಚೆಗೇ ಉಳಿದ. ಮರಿಯಕುಟ್ಟಿ ಚರ್ಚಿನೊಳಗೆ ಕುಳಿತು ಜಪಮಾಲೆ ಎಣಿಸುತ್ತಲೇ ಇದ್ದಳು.

ಪಾದೆಯ ಸುತ್ತ ತಂತಿ ಬಿಚ್ಚಿ ಸುರುಳಿ ಮಾಡಿ ಇಟ್ಟಿದ್ದರು. ಫಾದರ್ ಜಿಂಟೋ ಘೋಷಣೆಯನ್ನು ಓದಿದರು. ಓದಿದ್ದು ಸರಿಯಾಗಿಯೇ ಇತ್ತು, ಆದರೆ ಆಮೇಲೆ ಉತ್ಸಾಹ ಹೆಚ್ಚಾಗಿ, ತಮ್ಮ ಮಲಯಾಳದ ಕನ್ನಡದಲ್ಲಿ ಸ್ವಂತ ಮಾತು ಸೇರಿಸಿದರು. “ಇವತ್ತಿನಿಂದ ಧರ್ಮಸಭೆ ನಿಮ್ಮನ್ನು ಗುರುತು ಹಿಡಿದಿದೆ.” ಹಿಂದೆ ನಿಂತಿದ್ದ ಒಬ್ಬ, “ಕಳ್ಳರನ್ನು ಹಿಡಿದ ಹಾಗೆ ಹೇಳ್ತಾರಲ್ಲ ಮಾರಾಯ,” ಎಂದು ಪಿಸುಗುಟ್ಟಿದ. ಲೀಸಮ್ಮ ಆಲೀಸಿನ ಹಿಂದಕ್ಕೆ ಒಂದು ಹೆಜ್ಜೆ ಸರಿದಳು.

ಸುಂದರ ಕಲ್ಲಿನ ಮೇಲಿನ ತರಗೆಲೆ ಗುಡಿಸಿ, ನೀರು ಚಿಮುಕಿಸಿ, ದೀಪ ಹಚ್ಚಿದ. ಆಮೇಲೆ ಕೈ ಮುಗಿದು ತುಳುವಿನಲ್ಲಿ ದೈವಕ್ಕೆ ಅರಿಕೆ ಮಾಡತೊಡಗಿದ. ಅರಿಕೆಯಲ್ಲಿ ಗುರಿಕಾರ ಮನೆಯ ಸಂಗತಿಯನ್ನೆಲ್ಲ ದೈವದ ಮುಂದೆ ಇಡಬೇಕು. ಯಾರು ಹುಟ್ಟಿದರು, ಯಾರು ಸತ್ತರು, ಯಾರು ಮನೆ ಬಿಟ್ಟರು, ಹೆಸರು ಹಿಡಿದು ಹೇಳಬೇಕು, ಮುಚ್ಚಿಡಬಾರದು. ಅವನು ಅಪ್ಪನ ಹೆಸರು ಹೇಳಿದ. ಅಮ್ಮನ ಹೆಸರು ಹೇಳಿದ. ಸ್ವಲ್ಪ ಹೊತ್ತು ನಿಂತ. ನಿಂತದ್ದು 'ಸೇವಂತಿ' ಎನ್ನಲಿಕ್ಕೇ ಎಂದು ಲೀಸಮ್ಮನಿಗೆ ಖಾತ್ರಿಯಾಯಿತು. ಹೇಳಬಾರದು ಎಂದು ಒಂದು ಮನಸ್ಸು. ಹೇಳಿಬಿಡಲಿ, ಒಮ್ಮೆ ಮುಗಿದುಹೋಗಲಿ ಎಂದು ಇನ್ನೊಂದು. ಅವನು ಗಂಟಲು ಸರಿಮಾಡಿಕೊಂಡು, “ಬಂದವರನ್ನೂ ಬಾರದವರನ್ನೂ ಕಾಪಾಡು,” ಎಂದು ಮುಗಿಸಿದ.

“ಎಂತ ಹೇಳಿದ್ರು?” ಆಲೀಸ್ ಕಿವಿಯ ಹತ್ತಿರ ಕೇಳಿದಳು.

“ಎಲ್ಲರನ್ನೂ ಕಾಪಾಡು ಅಂತ.”

ಅಷ್ಟರಲ್ಲಿ ಜಿಸ್ಮಿ ಫೋನು ಹಿಡಿದುಕೊಂಡು, “ಅಂಕಲ್, ಒಂದು ಫೋಟೋ,” ಎಂದು ಸುಂದರನ ಪಕ್ಕದಲ್ಲಿ ಹೋಗಿ ನಿಂತಾಯಿತು. ಅವನು ಹುಡುಗಿಯ ಮುಖವನ್ನು ನೋಡಿದ, ನೋಡುತ್ತಲೇ ಉಳಿದ. “ಇಲ್ಲಿ ನೋಡಿ, ಇಲ್ಲಿ,” ಎಂದು ಜಿಸ್ಮಿ ಫೋನನ್ನು ತೋರಿಸಬೇಕಾಯಿತು. ಬಿಸಿಲಿನಲ್ಲಿ ಒಂದೇ ನಮೂನೆಯ ಎರಡು ಕೂಡುಹುಬ್ಬು ಪಕ್ಕಪಕ್ಕದಲ್ಲಿ ನಿಂತವು. ಆಲೀಸ್ ಫೋನು ಇಸಿದುಕೊಂಡು, ಎರಡು ಬೆರಳಿನಿಂದ ಚಿತ್ರ ದೊಡ್ಡದು ಮಾಡಿ ನೋಡಿದಳು.

“ಚೆಂದ ಬಂದಿದೆ,” ಎಂದಳು ಆಲೀಸ್. “ಟಿಜೋಗೆ ಕಳಿಸು.”

ಕೊನೆಗೆ ಪ್ರಸಾದ. ಸುಂದರ ಬಾಳೆಲೆಯ ತುಂಡಿನಲ್ಲಿ ಗಂಧ ಹಿಡಿದು ಸಾಲಾಗಿ ಕೊಡುತ್ತ ಬಂದ. ಫಾದರಿಗೆ ಕೊಟ್ಟ, ಆಲೀಸಿನ ಗಂಡನಿಗೆ ಕೊಟ್ಟ, ಆಲೀಸಿಗೆ ಕೊಟ್ಟ. ಆಲೀಸ್ ಲೀಸಮ್ಮನ ಭುಜ ಹಿಡಿದು ಮುಂದಕ್ಕೆ ತಂದಳು.

“ಇವರು ನಮ್ಮ ಲೀಸಮ್ಮ. ನಮಗೆ ಬೀಗರಾಗುವವರು. ನಿಮ್ಮ ತುಳು ಇವರಿಗೆ ಎಷ್ಟು ಚೆಂದ ಬರ್ತದೆ ಗೊತ್ತುಂಟಾ? ಎಂತಾದ್ರೂ ಕೇಳಿ ನೋಡಿ.”

ಸುಂದರ ಬಾಳೆಲೆಯನ್ನು ಎಡಗೈಗೆ ಬದಲಿಸಿದ. ಹೆಗಲ ಮೇಲಿದ್ದ ಬೈರಾಸನ್ನು ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ಸೊಂಟ ಸ್ವಲ್ಪ ಬಾಗಿಸಿದ.

“ಈರೆನ ಇಲ್ಲ್ ಓಲು, ಅಮ್ಮಾ?” ಎಂದ. ತಮ್ಮ ಮನೆ ಎಲ್ಲಿ, ಅಮ್ಮಾ?

ತುಳುವಿನಲ್ಲಿ ‘ನಿನ್ನ’ ಎನ್ನುವುದು ಬೇರೆ, ‘ಈರೆನ’ ಎನ್ನುವುದು ಬೇರೆ. ಜೊತೆಗೆ ಉಂಡು ಬೆಳೆದವರಿಗೆ ‘ನಿನ್ನ’. ತೋಟದ ಧಣಿಗೆ, ಫಾರೆಸ್ಟಿನ ಸಾಹೇಬರಿಗೆ, ಗುರ್ತವಿಲ್ಲದ ದೊಡ್ಡಮನೆಯ ಹೆಂಗಸಿಗೆ ‘ಈರೆನ’. ಬಾಲ್ಯದಲ್ಲಿ ಇಬ್ಬರೂ ಒಂದೇ ಕಂಬಳಿಯೊಳಗೆ ಮಲಗಿದವರು. ಜಗಳ ಬಂದಾಗ ಅವನು ಅವಳನ್ನು ಎಂತೆಂತದೋ ಕರೆದದ್ದು ಉಂಟು, ಇದನ್ನು ಕರೆದಿರಲಿಲ್ಲ. ಈಗ ನಾಲಿಗೆ ಒಂದಿಷ್ಟೂ ತೊಡರದೆ, ಅವಳ ಮುಖವನ್ನೇ ನೋಡಿಕೊಂಡು ಕರೆದಿದ್ದ. ಅವಳು ಕೇಳಿಕೊಂಡದ್ದನ್ನೇ ಕೊಟ್ಟಿದ್ದ. ಅದಕ್ಕಿಂತ ಒಂದು ಹಿಡಿ ಹೆಚ್ಚೇ ಕೊಟ್ಟಿದ್ದ.

ಸುತ್ತಲಿನವರು ಉತ್ತರಕ್ಕೆ ಕಾಯುತ್ತಿದ್ದರು. ಜಿಸ್ಮಿ ಫೋನು ಎತ್ತಿ ಹಿಡಿದಿದ್ದಳು.

“ಮುಲ್ಪನೆ,” ಎಂದಳು ಲೀಸಮ್ಮ. ಇಲ್ಲೇ.

“ಎಡ್ಡೆ ಆಂಡ್,” ಒಳ್ಳೆಯದಾಯಿತು ಎಂದ ಅವನು. ಗಂಧವನ್ನು ಬೆರಳಿಗೆ ಬೆರಳು ತಾಗದ ಹಾಗೆ, ದೊಡ್ಡ ಮನೆಯವರಿಗೆ ಕೊಡುವ ಕ್ರಮದಲ್ಲಿ, ಮೇಲಿನಿಂದ ಅವಳ ಅಂಗೈಗೆ ಬೀಳಿಸಿದ. ಮುಂದಿನವರ ಹತ್ತಿರ ಹೋದ.

“ಎಂತ ಕೇಳಿದ್ರು?” ಎಂದಳು ಆಲೀಸ್.

“ಮನೆ ಎಲ್ಲಿ ಅಂತ.”

“ಎಷ್ಟು ಮರ್ಯಾದೆಯ ಮನುಷ್ಯ, ಅಲ್ವಾ?” ಆಲೀಸ್ ತನ್ನ ಕೈಯಲ್ಲಿದ್ದ ಗಂಧವನ್ನು ಮೂಸಿ ನೋಡಿದಳು. “ಇದನ್ನೀಗ ಎಂತ ಮಾಡುದು ಲೀಸಮ್ಮ? ಹಣೆಗೆ ಇಡುದಾ, ತಿನ್ನುದಾ?”

ನಾಲ್ಕು ಹೆಜ್ಜೆ ಆಚೆಗೆ ಕಾಲನಿಯ ಹೆಂಗಸರು ಅದೇ ಗಂಧವನ್ನು ತಮ್ಮ ಹಣೆಗೆ, ಕೊರಳ ಕುಳಿಗೆ, ಆಮೇಲೆ ಮಕ್ಕಳ ಹಣೆಗೆ ಹಚ್ಚುತ್ತಿದ್ದರು.

“ನಂಗೂ ಗೊತ್ತಿಲ್ಲ,” ಎಂದಳು ಲೀಸಮ್ಮ.

ಆಲೀಸ್ ಕೈಯನ್ನು ಪಕ್ಕದ ರಬ್ಬರ್ ಮರಕ್ಕೆ ಒರೆಸಿ ಊಟದ ಕಡೆಗೆ ಹೊರಟಳು. ಜಿಸ್ಮಿ ಅವಳ ತೋಳು ಹಿಡಿದುಕೊಂಡು ಏನೋ ಹೇಳಿ ನಗುತ್ತ ಹೋದಳು. ಲೀಸಮ್ಮ ಕೈಯನ್ನು ಮುಂದಕ್ಕೆ ಚಾಚಿಕೊಂಡೇ ನಿಂತಿದ್ದಳು. ಬಿಸಿಲಿಗೆ ಗಂಧ ಒಣಗಿ ಅಂಗೈಯ ಚರ್ಮ ಬಿಗಿಯತೊಡಗಿತ್ತು.